ಬೇಟೆಚೂರಿ: ಹಳೆಯದು ಮೇಲೋ, ಹೊಸದು ಮೇಲೋ?

ಕಾಡುಪ್ರಾಣಿಯ ತುಪ್ಪಳದಲ್ಲಿ ಕೂದಲಿನ ಬುಡದವರೆಗೂ ಮಣ್ಣು ಇಳಿದಿರುತ್ತದೆ. ಚರ್ಮ ಸುಲಿಯಲು ಹೊರಟ ಚೂರಿಯ ಮೊದಲ ಶತ್ರು ಈ ಮಣ್ಣೇ. ಅದರಲ್ಲಿನ ಮರಳಿನ ಕಣಗಳು ಮೂಲತಃ ಸ್ಫಟಿಕಶಿಲೆ. ಗಡಸುತನವನ್ನು ಅಳೆಯುವ ವಿಕರ್ಸ್ ಮಾಪನದಲ್ಲಿ ಅವಕ್ಕೆ ಸುಮಾರು 1,100 ಅಂಕ ಸಿಗುತ್ತದೆ. ಚೆನ್ನಾಗಿ ಹದ ಹಾಕಿದ ಚೂರಿಯ ಉಕ್ಕಿಗೆ ಸಿಗುವುದು 700ರ ಆಸುಪಾಸು. ಎಂದರೆ, ಕಣ್ಣಿಗೆ ಕಾಣದ ಮರಳು ಪ್ರತಿ ಎಳೆತದಲ್ಲೂ ಅಲಗಿನ ಬಾಯಿಯನ್ನು ಅರೆಯುತ್ತಿರುತ್ತದೆ. ಬೇಟೆಚೂರಿಯ ಗುಣ ಗೊತ್ತಾಗುವುದು ಇಂಥ ಕೆಲಸದಲ್ಲಿ.

ಈ ಕೆಲಸವನ್ನು ಮೈಸೂರಿನಷ್ಟು ಕಂಡ ಊರು ಜಗತ್ತಿನಲ್ಲೇ ಅಪರೂಪ. 1900ರ ಸುಮಾರಿಗೆ ಯೂಜೀನ್ ವ್ಯಾನ್ ಇಂಗನ್ ಇಲ್ಲಿ ಆರಂಭಿಸಿದ ಚರ್ಮಪ್ರಸಾಧನ ಕಾರ್ಖಾನೆಗೆ ದೇಶದ ಮೂಲೆಮೂಲೆಯಿಂದ ಬೇಟೆಯ ಚರ್ಮಗಳು ಬರುತ್ತಿದ್ದವು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಆಮೇಲೆ ಅಮೆರಿಕದ ಪ್ರವಾಸಿಗರು, ಎಲ್ಲರೂ ಅದರ ಗಿರಾಕಿಗಳು. ಕಾರ್ಖಾನೆಯ ಚರಿತ್ರೆ ಬರೆದ ಪ್ಯಾಟ್ ಮಾರಿಸ್ ಅವರ ಲೆಕ್ಕದಂತೆ ಅಲ್ಲಿ ಹದಗೊಂಡ ಹುಲಿ-ಚಿರತೆಗಳ ಸಂಖ್ಯೆ 43,000ಕ್ಕೂ ಹೆಚ್ಚು. ಓದಿದರೆ ಎದೆ ಭಾರವಾಗುವ ಅಂಕಿ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕಾಲಕ್ಕೆ ತೆರೆ ಎಳೆಯಿತು. ಕಾರ್ಖಾನೆ 1999ರಲ್ಲಿ ಮುಚ್ಚಿತು. ಬೇಟೆ ನಿಂತಿದ್ದು ಒಳ್ಳೆಯದೇ ಆಯಿತು. ಆದರೆ ಆ ಕಾಲದ ಚೂರಿಗಳು ಮೈಸೂರು, ಕೊಡಗು, ಹಾಸನದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿವೆ. ಅವನ್ನು ಕೈಗೆತ್ತಿಕೊಂಡವರೆಲ್ಲ ಹೇಳುವ ಮಾತೊಂದಿದೆ: ‘ಇಂಥ ಉಕ್ಕು ಈಗ ಎಲ್ಲಿ ಸಿಗುತ್ತೆ?’

ಈ ಮಾತು ಎಷ್ಟು ನಿಜ?

ಮೊದಲು ಉಕ್ಕಿನ ಮೂಲಕ್ಕೆ ಹೋಗಬೇಕು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಸರ್ವೇಗೆ ಹೊರಟರು. ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಬಳಿ ಉಕ್ಕು ತಯಾರಿಸುವ ಕುಲುಮೆಗಳನ್ನು ಅವರು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟರು. ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಹಸಿ ಎಲೆ. ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಸಾಲಾಗಿ ಜೋಡಿಸಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸಿದರೆ ಕಡ್ಡಿ-ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಆರಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯಗಳ ತಂತಿ ಎಲ್ಲಕ್ಕೂ ಇದೇ ಉಕ್ಕು. ಚನ್ನಪಟ್ಟಣದ ಉಕ್ಕಿನ ತಂತಿ ದೂರದೂರದ ವೀಣೆಗಳಿಗೆ ಹೋಗುತ್ತಿತ್ತು.

ಈ ಮೂಸೆ ಉಕ್ಕು ಯುರೋಪಿನ ವಿಜ್ಞಾನಿಗಳನ್ನೂ ಬೆರಗುಗೊಳಿಸಿತ್ತು. ಭಾರತದಿಂದ ಹೋದ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದರು. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮುನ್ನ ಚೂರಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಿದ್ದರು. ಪೂರ್ತಿ ಗುಟ್ಟು ಅವರಿಗೆ ಸಿಗಲಿಲ್ಲ. 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಅದರ ದೊಡ್ಡ ಭಾಗವನ್ನು ಬಿಡಿಸಿದರು. ಅದಿರಿನಲ್ಲೇ ಇದ್ದ ವೆನೇಡಿಯಂ, ಶೇಕಡಾ ಒಂದರ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಸಾಕು, ಇಂಗಾಲ ಮತ್ತು ಕಬ್ಬಿಣ ಸೇರಿದ ಗಡಸು ಕಣಗಳನ್ನು ಸಾಲುಸಾಲಾಗಿ ನಿಲ್ಲಿಸುತ್ತದೆ. ಹಳೆಯ ಕತ್ತಿಗಳ ಮೇಲೆ ಅಲೆಅಲೆಯಾಗಿ ಕಾಣುವ ಚಿತ್ತಾರ ಇದರಿಂದ ಬಂದದ್ದು.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಉಕ್ಕು ಅದ್ಭುತ, ಆದರೆ ಒಂದೇ ಸಮನಾಗಿರಲಿಲ್ಲ. ಇಂಗಾಲ ಒಂದು ಗಟ್ಟಿಯಲ್ಲಿ ಶೇ. 1.2 ಇದ್ದರೆ ಮತ್ತೊಂದರಲ್ಲಿ 1.8 ಇರಬಹುದಿತ್ತು. ಹೆಚ್ಚು ಕಾಯಿಸಿದರೆ ಸುತ್ತಿಗೆಯ ಏಟಿಗೇ ಪುಡಿಯಾಗುತ್ತಿತ್ತು; ಯುರೋಪಿನ ಅನೇಕ ಕಮ್ಮಾರರು ಸೋತದ್ದು ಅಲ್ಲೇ. ನಮ್ಮ ಕಮ್ಮಾರರು ಗೆದ್ದದ್ದು ತಲೆತಲಾಂತರದ ಕಣ್ಣಳತೆಯಿಂದ. ಗಂಧಕ, ರಂಜಕ ಎಷ್ಟಿದೆಯೆಂದು ಅಳೆಯುವ ದಾರಿ ಯಾರ ಬಳಿಯೂ ಇರಲಿಲ್ಲ. ಹಾಳಾದ ಅಲಗು ಮುರಿದು ಮತ್ತೆ ಕುಲುಮೆಗೆ ಹೋಯಿತು. ಚೆನ್ನಾಗಿದ್ದದ್ದನ್ನು ಮಕ್ಕಳು, ಮೊಮ್ಮಕ್ಕಳು ಜೋಪಾನ ಮಾಡಿದರು. ಇಂದು ಪೆಟ್ಟಿಗೆಯಿಂದ ಹೊರಬರುವುದು ಆಯ್ದುಳಿದ ಚೂರಿ. ಅದನ್ನು ಇಂದಿನ ಸಾಮಾನ್ಯ ಚೂರಿಯ ಪಕ್ಕದಲ್ಲಿಟ್ಟು ‘ಹಳೆಯದೇ ಮೇಲು’ ಎಂದರೆ ಹೋಲಿಕೆಯಲ್ಲಿ ನ್ಯಾಯವಿಲ್ಲ.

ಬ್ರಿಟಿಷ್ ಶಿಕಾರಿಗಳ ಕೈಯಲ್ಲಿದ್ದದ್ದು ಬಹುಪಾಲು ಇಂಗ್ಲೆಂಡಿನ ಶೆಫೀಲ್ಡಿನ ಚೂರಿಗಳು. ಆದರೆ ನೆರೆಯ ಸೇಲಂನಲ್ಲಿ 19ನೇ ಶತಮಾನದಲ್ಲಿದ್ದ ಅರುಣಾಚಲಂ ಆಚಾರಿ ಅವರ ಬೇಟೆಚೂರಿ, ಹಂದಿಬೇಟೆಯ ಭರ್ಜಿಗಳಿಗೂ ಬ್ರಿಟಿಷ್ ಅಧಿಕಾರಿಗಳು ಮುಗಿಬೀಳುತ್ತಿದ್ದರು. ಕೊಡಗಿನಲ್ಲಿ ಒಡಿಕತ್ತಿ, ಪೀಚೆಕತ್ತಿ. ಒಳಬಾಗಿದ ಬಾಯಿಯ ಒಡಿಕತ್ತಿ ಕಡಿಯುವುದಕ್ಕೆ. ಮದುವೆಯಲ್ಲಿ ಬಾಳೆಕಂಬ ತುಂಡರಿಸುವುದು ಇದರಿಂದಲೇ. ಪೀಚೆಕತ್ತಿ ಸೊಂಟದ ಚೇಲೆಗೆ ಸಿಕ್ಕಿಸುವ ಬೆಳ್ಳಿಗೆಲಸದ ಬಾಕು. ಸುಲಿಯುವ ಚೂರಿಯ ಆಕಾರವೇ ಬೇರೆ: ಅಂಗೈಯಷ್ಟು ಉದ್ದ, ತೆಳು ಬಾಯಿ, ತುದಿಯ ಕಡೆ ಉಬ್ಬಿದ ಹೊಟ್ಟೆ. ಚೂಪುತುದಿ ಉದ್ದವಾಗಿದ್ದರೆ ಚರ್ಮ ತೂತಾಗುತ್ತದೆ.

ಹೊಸ ಕಾಲ ಶುರುವಾದದ್ದು 1913ರ ಆಗಸ್ಟ್ ತಿಂಗಳಲ್ಲಿ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ತಕ್ಕ ಉಕ್ಕು ಹುಡುಕುತ್ತಿದ್ದಾಗ ಶೇ. 12.8 ಕ್ರೋಮಿಯಂ ಸೇರಿಸಿದ ಎರಕ ತುಕ್ಕು ಹಿಡಿಯದಿರುವುದು ಕಂಡುಬಂತು. ಅದೇ ಸ್ಟೇನ್‌ಲೆಸ್ ಸ್ಟೀಲ್. ಇದು ಚೂರಿಗೆ ಹೇಳಿಮಾಡಿಸಿದ್ದು ಎಂದು ಅವರಿಗೆ ಅನ್ನಿಸಿತು. ಆದರೆ ಊರಿನ ಚೂರಿ ತಯಾರಕರು ಹಳೆಯ ಉಕ್ಕಿಗೆ ಕೊಡುತ್ತಿದ್ದ ಶಾಖವನ್ನೇ ಇದಕ್ಕೂ ಕೊಟ್ಟರು. ಬಾಯಿ ನಿಲ್ಲಲಿಲ್ಲ. ‘ಕೊಯ್ಯದ ಚೂರಿ ಕಂಡುಹಿಡಿದವನು’ ಎಂಬ ಅಡ್ಡಹೆಸರು ಬ್ರಿಯರ್ಲಿಗೆ ಅಂಟಿತು. ಸ್ಟೇನ್‌ಲೆಸ್ ಚೂರಿಯ ಮೇಲೆ ಹಳಬರಿಗೆ ಇಂದಿಗೂ ಇರುವ ಅಪನಂಬಿಕೆಗೆ ಆ ಕಾಲದ ಕಾರಣವಿದೆ.

ಹದದ ವಿಷಯ ಬಿಡಿಸಿ ಹೇಳಲೇಬೇಕು, ಏಕೆಂದರೆ ಹಳತು-ಹೊಸತುಗಳ ಜಗಳ ಬಗೆಹರಿಯುವುದು ಇಲ್ಲೇ. ಸಾದಾ ಇಂಗಾಲದ ಉಕ್ಕನ್ನು 780-800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಥಟ್ಟನೆ ನೀರಿಗೋ ಎಣ್ಣೆಗೋ ಇಳಿಸಿದರೆ ಅದರೊಳಗಿನ ಇಂಗಾಲ ಹೊರಬರಲು ಸಮಯ ಸಿಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಹುಟ್ಟುವ ಬಿಗಿದ ರಚನೆಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಬಹಳ ಗಡಸು, ಆದರೆ ಬಿದ್ದರೆ ಚೂರಾಗುವಷ್ಟು ಪೆಡಸು. ಹಾಗಾಗಿ ಮತ್ತೆ 200 ಡಿಗ್ರಿ ದಾಟುವಷ್ಟು ಹಿತವಾಗಿ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಅಲಗಿನ ಮೇಲೆ ಆಗ ಒಣಹುಲ್ಲಿನ ಹಳದಿ ಬಣ್ಣ ಓಡುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಚೂರಿಯ ಹದ. ನೀಲಿಗೆ ಹೋದರೆ, ಎಂದರೆ 300 ಡಿಗ್ರಿ ಸಮೀಪಿಸಿದರೆ, ಅದು ಸ್ಪ್ರಿಂಗಿನ ಹದ. ಅನುಭವಿ ಕಮ್ಮಾರರು ಕುಲುಮೆಯನ್ನು ಮಬ್ಬು ಬೆಳಕಿನಲ್ಲಿ ಇಟ್ಟುಕೊಳ್ಳುವುದು ಕೆಂಪಿನ, ಹಳದಿಯ ಈ ಸೂಕ್ಷ್ಮ ಛಾಯೆಗಳನ್ನು ಗುರುತಿಸಲಿಕ್ಕೆ. ಥರ್ಮಾಮೀಟರಿಲ್ಲದೆ ಇಷ್ಟು ಸಾಧಿಸಿದ ಕಣ್ಣಿಗೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ.

ಸ್ಟೇನ್‌ಲೆಸ್ ಉಕ್ಕು ಈ ಕಣ್ಣಳತೆಗೆ ಬಗ್ಗುವುದಿಲ್ಲ. ಅದಕ್ಕೆ 1,000 ಡಿಗ್ರಿ ಮೀರಿದ, ನಿಖರವಾಗಿ ಹಿಡಿದಿಟ್ಟ ಶಾಖ ಬೇಕು. ಕೆಲವಕ್ಕೆ ಆಮೇಲೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸುವ ಸಂಸ್ಕಾರವೂ ಬೇಕು. ವಿದ್ಯುತ್ ಕುಲುಮೆ ಬಂದ ಮೇಲೆ ಇದೆಲ್ಲ ಸಾಧ್ಯವಾಯಿತು. 1970ರ ಸುಮಾರಿಗೆ ಮತ್ತೊಂದು ಹೆಜ್ಜೆ: ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಸಿಡಿಸಿ ಪುಡಿ ಮಾಡಿ, ಆ ಪುಡಿಯನ್ನು ಒತ್ತಡದಲ್ಲಿ ಮತ್ತೆ ಗಟ್ಟಿಗೊಳಿಸುವ ವಿಧಾನ. ಇದರಿಂದ ಗಡಸು ಕಣಗಳು ದಪ್ಪವಾಗಿ ಒಂದೆಡೆ ಗುಂಪುಗೂಡದೆ, ಕಾಂಕ್ರೀಟಿನಲ್ಲಿ ಸಣ್ಣ ಜಲ್ಲಿ ಹರಡಿದ ಹಾಗೆ ಎಲ್ಲೆಡೆ ಸಮನಾಗಿ ಹರಡುತ್ತವೆ. 2001ರಲ್ಲಿ ಬಂದ ‘ಎಸ್30ವಿ’ ಉಕ್ಕು ಈ ಜಾತಿಯದು: ಇಂಗಾಲ ಶೇ. 1.45, ಕ್ರೋಮಿಯಂ 14, ವೆನೇಡಿಯಂ 4. ನಮ್ಮ ಮೂಸೆ ಉಕ್ಕಿನಲ್ಲಿ ಅರಿವಿಲ್ಲದೆ ಸೇರಿಕೊಂಡಿದ್ದ ಅದೇ ವೆನೇಡಿಯಂ ಇಲ್ಲಿ ನೂರಾರು ಪಟ್ಟು ಹೆಚ್ಚು. ಅದು ಇಂಗಾಲದೊಂದಿಗೆ ಸೇರಿ ಆಗುವ ಕಾರ್ಬೈಡ್ ಕಣಗಳ ಗಡಸುತನ ವಿಕರ್ಸ್ ಮಾಪನದಲ್ಲಿ 2,600 ಮೀರುತ್ತದೆ. ತುಪ್ಪಳದ ಮರಳು 1,100ರ ಆಸುಪಾಸಿನದು. ಹೋರಾಟ ಈಗ ತಿರುಗುಮುರುಗು!

ಇದನ್ನು ಅಳೆಯುವ ಯಂತ್ರವೂ ಇದೆ. ಶೆಫೀಲ್ಡಿನ ‘ಕ್ಯಾಟ್ರಾ’ ಸಂಸ್ಥೆಯಲ್ಲಿ ಶೇ. 5 ಮರಳಿನ ಪುಡಿ ಬೆರೆತ ಕಾಗದದ ರಟ್ಟನ್ನು ಅಲಗಿನಿಂದ ಹಿಂದಕ್ಕೂ ಮುಂದಕ್ಕೂ ಕೊಯ್ಯಿಸಿ, ಒಟ್ಟು ಎಷ್ಟು ಮಿಲಿಮೀಟರ್ ಕೊಯ್ದಿತೆಂದು ಲೆಕ್ಕ ಹಿಡಿಯುತ್ತಾರೆ. ಮಣ್ಣು ತುಂಬಿದ ತುಪ್ಪಳಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗ ಸಿಗುವುದು ಕಷ್ಟ. ಈ ಪರೀಕ್ಷೆಯಲ್ಲಿ ವೆನೇಡಿಯಂ ತುಂಬಿದ ಪುಡಿ ಉಕ್ಕುಗಳು ಸಾದಾ ಇಂಗಾಲದ ಉಕ್ಕನ್ನು ಬಹಳ ಹಿಂದೆ ಬಿಡುತ್ತವೆ. ಬಾಯಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೊಂದೇ ಪ್ರಶ್ನೆಯಾದರೆ ಹೊಸತಿನ ಗೆಲುವಿನಲ್ಲಿ ಅನುಮಾನವಿಲ್ಲ.

ಆದರೆ ಅದೊಂದೇ ಪ್ರಶ್ನೆಯಲ್ಲ. ಮೊಂಡಾದ ಚೂರಿಯನ್ನು ಮಸೆಯಬೇಕಲ್ಲ? ಸಾಮಾನ್ಯ ಸಾಣೆಕಲ್ಲಿನ ಕಣಗಳು ವೆನೇಡಿಯಂ ಕಾರ್ಬೈಡಿಗಿಂತ ಮೆದು. ಅದಕ್ಕೆ ವಜ್ರದ ಪುಡಿ ಮೆತ್ತಿದ ಕಲ್ಲೇ ಬೇಕು. ಕಾಡಿನ ಬಿಡಾರದಲ್ಲಿ, ಹೊಳೆಯ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ಬಾಯಿ ತರಿಸಿಕೊಳ್ಳುವ ಅನುಕೂಲ ಹಳೆಯ ಉಕ್ಕಿನದು. ಜೊತೆಗೆ ತಾಳಿಕೆ: ಗಡಸು ಕಣ ಹೆಚ್ಚಾದಷ್ಟೂ ಅಲಗಿನ ಬಾಯಿ ಹಕ್ಕಳೆ ಏಳುವ ಭಯ ಹೆಚ್ಚು. 2020ರಲ್ಲಿ ಅಮೆರಿಕದ ಎಂಐಟಿ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದ ಕೂದಲು ಕೂಡ ಕ್ಷೌರದ ಬ್ಲೇಡಿನ ಅಂಚಿನಲ್ಲಿ ಚಕ್ಕೆ ಎಬ್ಬಿಸಬಲ್ಲದು, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ.

ಅಮೆರಿಕದ ಬಕ್ ಕಂಪನಿಯ ‘110’ ಮಡಚು ಚೂರಿಯ ಕಥೆ ಇಲ್ಲಿ ಬೆಳಕು ಚೆಲ್ಲುತ್ತದೆ. 1964ರಲ್ಲಿ ಬಂದ ಈ ಬೇಟೆಚೂರಿಯಲ್ಲಿ ಶೇ. 1ರಷ್ಟು ಇಂಗಾಲದ ‘440ಸಿ’ ಉಕ್ಕಿತ್ತು. ಬಾಯಿ ಚೆನ್ನಾಗಿ ನಿಲ್ಲುತ್ತಿತ್ತು, ಮಸೆಯಲು ಕಷ್ಟವೆಂಬ ದೂರೂ ಇತ್ತು. 1990ರ ದಶಕದ ಹೊತ್ತಿಗೆ ಕಂಪನಿ ಇಂಗಾಲ ಅರ್ಧಕ್ಕಿಂತ ಕಡಿಮೆಯಿರುವ ‘420ಎಚ್‌ಸಿ’ಗೆ ಬಂತು. ಕಾಗದದ ಮೇಲೆ ಇದು ಇಳಿಕೆ. ಆದರೆ ಹದ ಹಾಕುವುದರಲ್ಲಿ ಕಂಪನಿ ಬಹಳ ನಿಗಾ ವಹಿಸಿತು, ಅಂಚಿನ ಕೋನವನ್ನು ತೆಳುವಾಗಿಸಿತು. ಕೊಯ್ಯುವ ಕೆಲಸದಲ್ಲಿ ಗಿರಾಕಿಗೆ ಆದ ನಷ್ಟ ಉಕ್ಕಿನ ಹೆಸರು ಹೇಳುವಷ್ಟು ದೊಡ್ಡದಾಗಲಿಲ್ಲ. ಅದೇ ಉಕ್ಕನ್ನು ಹದಗೆಡಿಸಿ ಮಾರುವ ಅಗ್ಗದ ಚೂರಿಗಳು ಒಂದು ತೆಂಗಿನಹಗ್ಗಕ್ಕೇ ಸೋಲುತ್ತವೆ.

ಕೋನದ ಮಾತು ಬಂದಾಗ ಹೊಸ ಚೂರಿಗಳ ದೊಡ್ಡ ದೋಷವನ್ನೂ ಹೇಳಬೇಕು. ಇಂದು ಆನ್‌ಲೈನ್ ಅಂಗಡಿಗಳಲ್ಲಿ ‘ಹಂಟಿಂಗ್ ನೈಫ್’ ಎಂದು ಸಿಗುವ ಹಲವು ಚೂರಿಗಳು ಐದಾರು ಮಿಲಿಮೀಟರ್ ದಪ್ಪ, ಕಪ್ಪು ಬಣ್ಣ, ಬೆನ್ನಿಗೆ ಗರಗಸದ ಹಲ್ಲು. ನೋಡಲು ಭರ್ಜರಿ. ಕೊಯ್ಯುವುದು ತೆಳುತನ; ದಪ್ಪ ಬೆಣೆ ಸೀಳುತ್ತದೆ, ಕೊಯ್ಯುವುದಿಲ್ಲ. ಎರಡು-ಮೂರು ಮಿಲಿಮೀಟರಿನ ಹಳೆಯ ಶೆಫೀಲ್ಡ್ ಸುಲಿಚೂರಿ, ಉಕ್ಕಿನಲ್ಲಿ ಹಿಂದಿದ್ದರೂ, ಇಂಥದ್ದನ್ನು ಕೆಲಸದಲ್ಲಿ ಸೋಲಿಸುತ್ತದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ನಮ್ಮ ಕಮ್ಮಾರರು ಬಡಿದು ಕೊಡುವ ಮಚ್ಚು, ಕತ್ತಿಗಳೂ ಸೋಲಿಸುತ್ತವೆ. ಆ ಪಟ್ಟಿಯಲ್ಲಿ ಇಂಗಾಲ ಶೇ. 0.5-0.6 ಮಾತ್ರ, ಆದರೆ ಬಗ್ಗಿದರೂ ಮುರಿಯದ ತಾಳಿಕೆ ಅದರ ಹುಟ್ಟುಗುಣ.

ಹಾಗಾದರೆ ತೀರ್ಪು? ಅತ್ಯುತ್ತಮ ಹೊಸ ಚೂರಿ ಅತ್ಯುತ್ತಮ ಹಳೆಯ ಚೂರಿಗಿಂತ ಮೇಲು, ಉಕ್ಕಿನಲ್ಲೂ ಹದದಲ್ಲೂ. ಸಾಧಾರಣ ದರ್ಜೆಯಲ್ಲಿ ಮಾತ್ರ ಮಾತು ತಿರುಗುತ್ತದೆ: ಹೆಸರಿಲ್ಲದ ಅಗ್ಗದ ಸ್ಟೇನ್‌ಲೆಸ್ಸಿಗಿಂತ ಬಲ್ಲ ಕಮ್ಮಾರ ಬಡಿದ ಇಂಗಾಲದ ಉಕ್ಕು ನಂಬಿಕೆಗೆ ಅರ್ಹ.

ಮನೆಯಲ್ಲಿ ಅಜ್ಜನ ಕಾಲದ ಚೂರಿ ಇರುವವರು ಆಯುಧಪೂಜೆಗೆ ಅದನ್ನು ಹೊರತೆಗೆದಾಗ ಒಂದಷ್ಟು ಗಮನಿಸಿ. ಹಿಡಿ ಕಡವೆ ಕೊಂಬಿನದಾಗಿದ್ದರೆ ಅದು ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅಲಗನ್ನು ಚರ್ಮದ ಒರೆಯೊಳಗೇ ಬಿಡಬೇಡಿ, ಒರೆ ತೇವ ಹೀರಿ ತುಕ್ಕು ತರಿಸುತ್ತದೆ. ತೆಳುವಾಗಿ ಎಣ್ಣೆ ಸವರಿ ಹೊರಗಿಡಿ. ಮುಖ್ಯವಾಗಿ, ಹರಿತ ಮಾಡಿಸಲು ಕರೆಂಟಿನ ಗ್ರೈಂಡರಿಗೆ ಕೊಡಬೇಡಿ. ಕಿಡಿ ಹಾರುವ ಆ ಚಕ್ರದಲ್ಲಿ ಅಲಗಿನ ತೆಳು ಬಾಯಿ ಕ್ಷಣಾರ್ಧದಲ್ಲಿ 300 ಡಿಗ್ರಿ ದಾಟುತ್ತದೆ, ನೀಲಿ ಕಲೆ ಮೂಡುತ್ತದೆ, ಕಮ್ಮಾರ ಕೊಟ್ಟ ಹದ ಅಲ್ಲಿಗೆ ಹೋಗುತ್ತದೆ. ನೀರು ಹಾಕಿದ ಮಸೆಕಲ್ಲಿನ ಮೇಲೆ, ಕೈಯಿಂದಲೇ ನಿಧಾನವಾಗಿ ಮಸೆಯಿರಿ.