ಜಾಲತಾಣ ಮಾಡಿಸುವ ಮುನ್ನ: ವಿಳಾಸ ಯಾರ ಹೆಸರಿನಲ್ಲಿ?

ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು ಮುಂತಾದವನ್ನು ನೇರವಾಗಿ ಗ್ರಾಹಕರಿಗೆ ಮಾರುವ, ಇಲ್ಲವೆ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಕೊಡುವ ಬೆಳೆಗಾರರು ನಮ್ಮಲ್ಲಿ ಅನೇಕರಿದ್ದಾರೆ. ಇಂಥವರು ಸ್ವಂತ ಜಾಲತಾಣ ಬೇಕೆಂದು ಬಯಸುವುದು ಸಹಜವೇ. ತಾವೇ ಕಲಿತು ಮಾಡಿಕೊಳ್ಳೋಣವೆಂದರೆ ತೋಟದ ಕೆಲಸ ಬಿಡುವು ಕೊಡುವುದಿಲ್ಲ. ಆದುದರಿಂದ ಬಲ್ಲವರೊಬ್ಬರನ್ನು ಗೊತ್ತುಮಾಡಿ ಮಾಡಿಸುವುದು ಸರಿಯಾದ ದಾರಿ. ಆದರೆ ಏನನ್ನು ಅವರ ಕೈಗೆ ಕೊಡಬೇಕು, ಏನನ್ನು ಕೊಡಬಾರದು ಎಂಬುದನ್ನು ಮೊದಲೇ ತಿಳಿದಿರಬೇಕು. ಸದಸ್ಯ ಬಾಂಧವರಿಗೆ ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮದೇ ಅನುಭವ. ನಾವು ಐದು ಮನೆಯವರು ಕೂಡಿ ಕಾಫಿ ಪುಡಿ ಮಾರಲು ಪ್ರಾರಂಭಿಸಿದಾಗ ಪೇಟೆಯ ತರುಣರೊಬ್ಬರಿಂದ ಜಾಲತಾಣ ಮಾಡಿಸಿದೆವು. ಕೆಲಸ ಚೆನ್ನಾಗಿಯೇ ಇತ್ತು. ಕೇಳಿದ ಹಣ ಕೊಟ್ಟೆವು, ಪೊಟ್ಟಣಗಳ ಮೇಲೆಲ್ಲ ತಾಣದ ವಿಳಾಸವನ್ನು ಅಚ್ಚು ಹಾಕಿಸಿದೆವು. ಮೂರನೆಯ ಮಳೆಗಾಲದಲ್ಲಿ ತಾಣ ತೆರೆಯುವುದು ನಿಂತುಹೋಯಿತು. ಆ ವೇಳೆಗೆ ತರುಣರು ಬೇರೆ ಊರಿನಲ್ಲಿ ನೌಕರಿಗೆ ಸೇರಿದ್ದರು. ಅವರ ದೂರವಾಣಿ ಸಂಖ್ಯೆಯೂ ಬದಲಾಗಿತ್ತು. ತಾಣದ ವಿಳಾಸವನ್ನು ಅವರು ತಮ್ಮ ಹೆಸರಿನಲ್ಲಿ, ತಮ್ಮ ಇಮೇಲ್ ಕೊಟ್ಟು ನೋಂದಾಯಿಸಿದ್ದರು. ನವೀಕರಣದ ಸೂಚನೆಗಳೆಲ್ಲ ಅಲ್ಲಿಗೇ ಹೋಗಿದ್ದವು. ನಾವು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಆ ವಿಳಾಸವನ್ನು ಯಾರೋ ಕೊಂಡು ಜೂಜಿನ ಜಾಹೀರಾತು ಹಾಕಿದ್ದರು. ನಮ್ಮ ಪುಡಿ ಕೊಂಡು ಮೆಚ್ಚಿದವರು ಪೊಟ್ಟಣ ನೋಡಿ ತಾಣ ತೆರೆದರೆ ಕಾಣುತ್ತಿದ್ದುದು ಅದು!

ತರುಣರು ಮೋಸ ಮಾಡಿದರೆಂದು ನಾವು ಹೇಳುವುದಿಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಪಹಣಿ ಬೇರೆಯವರ ಹೆಸರಿನಲ್ಲಿರುವ ಜಾಗದಲ್ಲಿ ನಾವು ಅಡಿಕೆ ಸಸಿ ನೆಟ್ಟಿದ್ದೆವು, ಅಷ್ಟೆ.

ಮೂರು ಬೇರೆ ಬೇರೆ ಬಾಬತ್ತುಗಳು

ಜಾಲತಾಣವೆಂದರೆ ಒಂದೇ ವಸ್ತುವೆಂದು ನಾವು ತಿಳಿದಿದ್ದೆವು. ವಾಸ್ತವವಾಗಿ ಅದರಲ್ಲಿ ಮೂರು ಬಾಬತ್ತುಗಳಿವೆ. ಒಂದನೆಯದು ಡೊಮೈನ್ ಎಂದು ಕರೆಯುವ ವಿಳಾಸ. ಎರಡನೆಯದು ಹೋಸ್ಟಿಂಗ್, ಅಂದರೆ ತಾಣದ ಪುಟಗಳನ್ನು ಇಡುವ ಕಂಪ್ಯೂಟರಿನ ಜಾಗ. ಇದು ಬಾಡಿಗೆ ಗೋದಾಮಿನಂತೆ. ಮೂರನೆಯದು ಪುಟಗಳು, ಚಿತ್ರಗಳು, ಬರಹ. ಇದು ಗೋದಾಮಿನಲ್ಲಿಟ್ಟ ಮಾಲು. ಗೋದಾಮು ಸರಿಬಾರದಿದ್ದರೆ ಬೇರೆ ಗೋದಾಮಿಗೆ ಮಾಲು ಸಾಗಿಸಬಹುದು. ವಿಳಾಸ ಕೈತಪ್ಪಿದರೆ ಮಾತ್ರ ಗ್ರಾಹಕರಿಗೆ ದಾರಿಯೇ ತಪ್ಪಿದಂತೆ.

ಪಹಣಿಯ ಹೋಲಿಕೆಗೆ ಒಂದು ಮಿತಿಯುಂಟು. ಜಮೀನನ್ನು ಒಮ್ಮೆ ಕೊಂಡರಾಯಿತು, ವಿಳಾಸ ಹಾಗಲ್ಲ. ಡಾಟ್ ಕಾಮ್, ಡಾಟ್ ಇನ್ ವಿಳಾಸಗಳನ್ನು 1ರಿಂದ 10 ವರ್ಷಗಳ ಅವಧಿಗೆ ನೋಂದಾಯಿಸಿ, ಅವಧಿ ಮುಗಿಯುವ ಮೊದಲೇ ನವೀಕರಿಸುತ್ತಿರಬೇಕು. ಡಾಟ್ ಇನ್ ವಿಳಾಸಗಳ ಉಸ್ತುವಾರಿಯನ್ನು ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅದರಿಂದ ಮಾನ್ಯತೆ ಪಡೆದ ನೋಂದಣಿ ಕಂಪನಿಗಳು ಅವನ್ನು ಮಾರುತ್ತವೆ. ಸಾಧಾರಣ ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಮೊದಲ ವರ್ಷ ರಿಯಾಯಿತಿ ತೋರಿಸಿ ಮುಂದಿನ ವರ್ಷ ದರ ಏರಿಸುವುದು ರೂಢಿಯಾದ್ದರಿಂದ ನವೀಕರಣದ ದರವನ್ನು ಮೊದಲೇ ಕೇಳಬೇಕು.

ಡಾಟ್ ಕಾಮ್ ವಿಳಾಸದ ಅವಧಿ ಮುಗಿದರೆ ಆಗುವುದಿಷ್ಟು. ಮೊದಲು ಹೆಚ್ಚೆಂದರೆ 45 ದಿನಗಳ ಒಂದು ಅವಧಿ ಇರುತ್ತದೆ; ಇದು ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಾಗುತ್ತದೆ, ಕೆಲವರು ಈ ಅವಧಿಯಲ್ಲೇ ವಿಳಾಸವನ್ನು ಹರಾಜಿಗಿಡುವುದೂ ಉಂಟು. ಅದು ಅಳಿಸಲ್ಪಟ್ಟ ಮೇಲೆ 30 ದಿನಗಳೊಳಗೆ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅನಂತರದ 5 ದಿನಗಳಲ್ಲಿ ಏನೂ ಮಾಡುವಂತಿಲ್ಲ. ಆಮೇಲೆ ಮೊದಲು ಬಂದವರಿಗೆ ಅದು ಸಲ್ಲುತ್ತದೆ.

ಗೊತ್ತುಮಾಡುವ ಕ್ರಮ

ಹೊಸ ಕೊನೆಗಾರನನ್ನು ಕರೆಯುವ ಮುನ್ನ ಅವನು ಹತ್ತಿದ ನೆರೆಯ ತೋಟದವರನ್ನು ವಿಚಾರಿಸುತ್ತೇವಷ್ಟೆ? ಇಲ್ಲಿಯೂ ಹಾಗೆಯೇ. ತಾಣ ಮಾಡುವವರು ಈಚೆಗೆ ಮಾಡಿದ್ದನ್ನಲ್ಲ, ಎರಡು ವರ್ಷ ಹಳೆಯದಾದ ಎರಡು ಮೂರು ತಾಣಗಳನ್ನು ತೋರಿಸಲು ಹೇಳಬೇಕು. ಅವುಗಳ ಮಾಲೀಕರಿಗೆ ಫೋನು ಮಾಡಿ, ತೊಂದರೆಯಾದಾಗ ಎಷ್ಟು ದಿನಕ್ಕೆ ಸರಿಮಾಡಿಕೊಟ್ಟರೆಂದು ಕೇಳಬೇಕು. ಆ ತಾಣಗಳನ್ನು ಪೇಟೆಯಲ್ಲಿ ಕುಳಿತು ನೋಡದೆ, ಸಿಗ್ನಲ್ ಸರಿಯಿಲ್ಲದ ನಮ್ಮ ಮನೆಯ ಜಗಲಿಯಲ್ಲಿ ಮೊಬೈಲಿನಿಂದ ತೆರೆದು ನೋಡಬೇಕು. ಭಾರೀ ಚಿತ್ರಗಳನ್ನು ತುಂಬಿದ ತಾಣದ ದೋಷ ಅಲ್ಲಿ ತಾನಾಗಿ ಗೊತ್ತಾಗುತ್ತದೆ.

ಕನ್ನಡದ ಬರಹವು ಯೂನಿಕೋಡ್‌ನಲ್ಲಿಯೇ ಇರಬೇಕೆಂದು ಸ್ಪಷ್ಟವಾಗಿ ಹೇಳಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತವನ್ನು ಹಾಗೆಯೇ ಹಾಕಿದರೆ, ಆ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದು; ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೂ ಸಿಗದು.

ಕರಾರಿನಲ್ಲಿ ಇರಬೇಕಾದುದು

ನೆಂಟರ ಮಗನೇ ಮಾಡಿಕೊಡುವುದಾದರೂ ಒಂದು ಪುಟದ ಬರಹ ಇರಲಿ. ವಿಳಾಸದ ನೋಂದಣಿ ಬೆಳೆಗಾರರ ಅಥವಾ ಅವರ ಗುಂಪಿನ ಹೆಸರಿನಲ್ಲಿರಬೇಕು. ಅದಕ್ಕೆ ಕೊಡುವ ಇಮೇಲ್ ಮತ್ತು ಒಟಿಪಿ ಬರುವ ಮೊಬೈಲ್ ಸಂಖ್ಯೆ ನಮ್ಮವೇ ಆಗಿರಬೇಕು. ಹೋಸ್ಟಿಂಗ್ ಖಾತೆಯೂ ಹಾಗೆಯೇ. ಮಾರಾಟದ ಹಣ ನೇರವಾಗಿ ನಮ್ಮ ಬ್ಯಾಂಕ್ ಖಾತೆಗೆ ಬರಬೇಕು. ಕೆಲಸಕ್ಕೆ ಬೇಕಾದ ಪ್ರವೇಶವನ್ನು ಅವರಿಗೆ ಬೇರೆಯಾಗಿ ಕೊಡಬಹುದು. ಬೀಗದ ಮೂಲ ಕೈ ಮಾತ್ರ ನಮ್ಮಲ್ಲಿರಲಿ.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಮ್ಮ ನೌಕರರಲ್ಲದ ಹೊರಗಿನವರು ಬರೆದುಕೊಟ್ಟ ಬರಹ ಮತ್ತು ಕಂಪ್ಯೂಟರ್ ಕ್ರಮವಿಧಿಯ ಹಕ್ಕು, ಹಣ ಕೊಟ್ಟ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅವರು ಲಿಖಿತವಾಗಿ ವರ್ಗಾಯಿಸಬೇಕು. ಅವಧಿಯನ್ನು ನಮೂದಿಸದಿದ್ದರೆ ಆ ವರ್ಗಾವಣೆಯನ್ನು 5 ವರ್ಷಕ್ಕೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಕಾಯ್ದೆ ಪರಿಗಣಿಸುತ್ತದೆ. ಆದುದರಿಂದ ಇವೆರಡನ್ನೂ ಬರೆಸುವುದು ಕ್ಷೇಮ.

ಹಣವನ್ನು ಮೂರು ಕಂತಿನಲ್ಲಿ ಕೊಡುವುದು ಒಳ್ಳೆಯದು: ಪ್ರಾರಂಭಕ್ಕೊಂದು, ತಾಣವನ್ನು ನೋಡಿ ಒಪ್ಪಿದ ಮೇಲೊಂದು, ಎಲ್ಲ ಪಾಸ್‌ವರ್ಡ್‌ಗಳು ಕೈಸೇರಿ ನಾವೇ ಒಳಹೊಕ್ಕು ನೋಡಿದ ಮೇಲೆ ಕೊನೆಯದು. ಬಹಳಷ್ಟು ತಾಣಗಳನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟುತ್ತಾರೆ. 2003ರಲ್ಲಿ ಬಂದ ಈ ತಂತ್ರಾಂಶ ಉಚಿತವಾಗಿ ಸಿಗುವಂಥದು. ನಾವು ಕೊಡುವುದು ಕೆಲಸದ ಕೂಲಿಯನ್ನು, ಆ ತಂತ್ರಾಂಶದ ಬೆಲೆಯನ್ನಲ್ಲ.

ನಿರ್ವಹಣೆಯೆಂದರೆ ಮದ್ದು ಹೊಡೆದಂತೆ

ಮಳೆಗೆ ಮುಂಚೆ ಒಮ್ಮೆ ಬೋರ್ಡೋ ಮಿಶ್ರಣ ಹೊಡೆದು, ಎರಡನೆಯ ಸಿಂಪಡಣೆಯನ್ನು ಕೈಬಿಟ್ಟವರ ತೋಟಕ್ಕೆ ಕೊಳೆರೋಗ ಹೇಗೆ ಬರುತ್ತದೆಂದು ಹೇಳಬೇಕಾಗಿಲ್ಲ. ಜಾಲತಾಣವೂ ಹಾಗೆಯೇ. ತಂತ್ರಾಂಶದಲ್ಲಿ ಕಂಡುಬಂದ ಬಿರುಕುಗಳನ್ನು ಮುಚ್ಚುವ ಪರಿಷ್ಕರಣಗಳು ಆಗಾಗ ಬರುತ್ತವೆ. ಅವನ್ನು ಹಾಕದೆ ಬಿಟ್ಟ ತಾಣಕ್ಕೆ ಕಳ್ಳರು ನುಗ್ಗುವರು. ತಿಂಗಳಿಗೊಮ್ಮೆ ಪೂರ್ತಿ ತಾಣದ ನಕಲನ್ನು ತೆಗೆದು ಬೇರೆಡೆ ಇಡಬೇಕು. ತಾಣವು ಸುರಕ್ಷಿತವೆಂದು ತೋರಿಸುವ ಪ್ರಮಾಣಪತ್ರವು ಕಾಲಕಾಲಕ್ಕೆ ತಾನಾಗಿ ನವೀಕರಣಗೊಳ್ಳುತ್ತಿದೆಯೇ, ಗ್ರಾಹಕರು ಕಳಿಸಿದ ಬೇಡಿಕೆ ನಮಗೆ ತಲುಪುತ್ತಿದೆಯೇ ಎಂದು ನೋಡಬೇಕು. ಇದಕ್ಕೆ ವರ್ಷಕ್ಕಿಷ್ಟೆಂದು ಬೇರೆ ಸಂಬಳ ಗೊತ್ತುಮಾಡುವುದು ನ್ಯಾಯ. ಒಮ್ಮೆ ಹಣ ಕೊಟ್ಟೆವೆಂದು ಅವರಿಂದ ವರ್ಷಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳಲು ಹೊರಟರೆ ಒಂದು ದಿನ ಅವರು ಫೋನು ಎತ್ತುವುದನ್ನು ನಿಲ್ಲಿಸುತ್ತಾರೆ. ಅದರಲ್ಲಿ ತಪ್ಪು ನಮ್ಮದೂ ಇರುತ್ತದೆ.

ಕೆಲವು ಕೆಲಸಗಳನ್ನು ಎಷ್ಟು ಬಲ್ಲವರಿಗೂ ವಹಿಸಲಾಗದು. ಪೊಟ್ಟಣದ ಮಾಲನ್ನು ಅಂತರಜಾಲದಲ್ಲಿ ಮಾರುವವರು ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ವಿಳಾಸ ಮುಂತಾದವನ್ನು ತಾಣದಲ್ಲೇ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಅಡಿಕೆ ಇವುಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತನ್ನು ಹಾಕಿಕೊಳ್ಳಬಾರದು. ತಾಣ ಮಾಡುವವರು ಅಂದಕ್ಕೆಂದು ಅದನ್ನು ಅಂಟಿಸಿದರೆ ಉತ್ತರ ಹೇಳಬೇಕಾದವರು ನಾವು.

ಬೆಳೆಯನ್ನೆಲ್ಲ ಸಂಘಕ್ಕೋ ಮಂಡಿಗೋ ಹಾಕುವವರಿಗೆ ಜಾಲತಾಣದ ಅಗತ್ಯವೇ ಇಲ್ಲ. ಅಗತ್ಯವಿರುವವರು ಈಗಾಗಲೇ ಮಾಡಿಸಿದ್ದರೆ, ನಿಮ್ಮ ವಿಳಾಸ ಯಾರ ಹೆಸರಿನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಇಂದೇ ವಿಚಾರಿಸಿ. ಬೇರೆಯವರ ಹೆಸರಿನಲ್ಲಿದ್ದರೆ ಅವರೊಡನೆ ಸ್ನೇಹದಿಂದಿರುವಾಗಲೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.

ನಾವು ಐದು ಮನೆಯವರು ಈಗ ಹೊಸ ವಿಳಾಸ ಕೊಂಡಿದ್ದೇವೆ. ಈ ಸಲ ಅದು ಗುಂಪಿನ ಹೆಸರಿನಲ್ಲಿದೆ. ಪಾಸ್‌ವರ್ಡ್‌ಗಳನ್ನು ಬರೆದ ಲಕೋಟೆ ಎರಡು ಮನೆಗಳ ಕಪಾಟಿನಲ್ಲಿದೆ. ನವೀಕರಣದ ತಾರೀಖನ್ನು ಮದ್ದು ಹೊಡೆಯುವ ತಾರೀಖಿನ ಪಕ್ಕದಲ್ಲೇ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದ್ದೇವೆ. ಹಳೆಯ ವಿಳಾಸ ಅಚ್ಚಾದ ಪೊಟ್ಟಣಗಳು ಮಾತ್ರ ಇನ್ನೂ ಎರಡು ಚೀಲದಷ್ಟು ಅಟ್ಟದ ಮೇಲಿವೆ.