ಹಬ್ಬ ಮುಗಿದ ಮೇಲಿನ ಕಾಯಕ

ಹಬ್ಬ ಬರುವಾಗ ಮನೆಯಲ್ಲಿ ಕೈಗಳಿಗೆ ಕೊರತೆಯಿರುವುದಿಲ್ಲ. ಮಾವಿನೆಲೆ ತರುವವರೊಬ್ಬರು, ಬಾಳೆಕಂದು ಕಟ್ಟುವವರೊಬ್ಬರು, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸುವವರೊಬ್ಬರು. ಹಬ್ಬ ಮುಗಿದ ಮರುದಿನ ಆ ಕೈಗಳೆಲ್ಲ ಎಲ್ಲಿಯೋ ಮರೆಯಾಗುತ್ತವೆ. ಇಳಿಸಿದ್ದನ್ನು ಒಪ್ಪವಾಗಿ ಏರಿಸಿಡುವ ಕೆಲಸ ಮನೆಯ ತಾಯಿಯೊಬ್ಬಳ ಪಾಲಿಗೆ ಉಳಿಯುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ಬರುವ ವರ್ಷದ ಹಬ್ಬ ನಿಂತಿರುವುದು ಆ ಕೆಲಸದ ಮೇಲೆಯೇ. ಕಾಯಕವೆಂಬ ಮಾತನ್ನು ನಾವು ವೇದಿಕೆಯ ಮೇಲೆ ಎಷ್ಟೋ ಬಾರಿ ಆಡಿದ್ದೇವೆ; ಮನೆಯೊಳಗಿನ ಈ ಸಣ್ಣ ಕಾಯಕದ ಬಗ್ಗೆ ಆಡಿದ್ದು ಕಡಿಮೆ. ಆ ಲೋಪವನ್ನು ಇಂದು ತುಂಬಿಕೊಳ್ಳುವ ಆಸೆ ನಮ್ಮದು.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಹಾವಳಿಯ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರ, ಈ ಮೂರು ಬಡಾವಣೆಗಳ ಹಳೆಯ ಮನೆಗಳಲ್ಲಿ ಶ್ರಾವಣದಿಂದ ಕಾರ್ತಿಕದವರೆಗೆ ಹಬ್ಬಗಳದೇ ಸಾಲು. ವರಮಹಾಲಕ್ಷ್ಮಿಯ ಬೆಳ್ಳಿಯ ಮುಖ, ಗೌರಿ-ಗಣೇಶರ ಮಂಟಪ, ನವರಾತ್ರಿಯ ಬೊಂಬೆಗಳು, ದೀಪಾವಳಿಯ ಹಣತೆ, ಆಕಾಶಬುಟ್ಟಿ, ಒಂದನ್ನು ಎತ್ತಿಡುವಷ್ಟರಲ್ಲಿ ಇನ್ನೊಂದು ಹೊರಬರುತ್ತದೆ. ಇವುಗಳಲ್ಲಿ ಹೆಚ್ಚಿನ ಜೋಪಾನವನ್ನು ಬೇಡುವುದು ದಸರೆಯ ಬೊಂಬೆ. ಬೊಂಬೆ ಕೂರಿಸುವುದು ಎಲ್ಲ ಮನೆಗಳ ಪದ್ಧತಿಯಲ್ಲ. ಆದರೆ ಹಳೆಯ ಮೈಸೂರು ಸೀಮೆಯ ಬಳಕೆಯಾಗಿ ನಮ್ಮ ಸಮಾಜದ ಹಲವು ಮನೆಗಳಿಗೂ ಅದು ಬಂದಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಅರಮನೆಯ ಉತ್ಸವವಾಗಿ ಬೆಳೆಯಿತು. ಮೈಸೂರು ಅರಮನೆಯಲ್ಲಿ ಬೊಂಬೆಗಳಿಗೆಂದೇ ಗೊಂಬೆ ತೊಟ್ಟಿಯಿದೆ. ಅರಮನೆಯಲ್ಲಿ ತೊಟ್ಟಿಯಾದದ್ದು ಮನೆಗಳಲ್ಲಿ ಮೂರು, ಐದು, ಏಳು, ಒಂಬತ್ತು ಮೆಟ್ಟಿಲುಗಳ ಸಾಲಾಯಿತು. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಎಂದರೆ ರಕ್ತಚಂದನದಲ್ಲಿ ಕಡೆದ ರಾಜ ರಾಣಿ. ಮಗಳ ಮದುವೆಯಲ್ಲಿ ತವರಿನವರು ಕೊಟ್ಟು ಕಳುಹಿಸುವ ಈ ಜೋಡಿ, ಹೊಸ ಮನೆಯಲ್ಲಿ ಹೊಸ ಸಾಲಿಗೆ ಮೊದಲಾಗುತ್ತದೆ.

ನಮ್ಮ ಮನೆಯಲ್ಲಿ ಆದ ತಪ್ಪು

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ಬೊಂಬೆಗಳನ್ನು ಕಟ್ಟಿಡುವ ಕೆಲಸ ತಾಯಿಯವರದಾಗಿತ್ತು. ವಿಜಯದಶಮಿಯ ರಾತ್ರಿ ಒಂದು ಬೊಂಬೆಯನ್ನು ಮಲಗಿಸಿ, ಲಾಲಿ ಹಾಡಿ, ಅಲ್ಲಿಗೆ ಹಬ್ಬ ಮುಗಿಯಿತೆನ್ನುವರು. ಆದರೆ ಮರುದಿನವೇ ಪೆಟ್ಟಿಗೆ ತುಂಬುತ್ತಿರಲಿಲ್ಲ. ಎರಡು ಮೂರು ದಿನ ಬೊಂಬೆಗಳು ನಡುಮನೆಯ ಚಾಪೆಯ ಮೇಲೆ ಗಾಳಿಗೆ ಬಿದ್ದಿರುತ್ತಿದ್ದವು. ಓಡಾಡಲು ತೊಡಕಾಗಿ ನಾವು ಗೊಣಗಿದರೆ, "ಅವಕ್ಕೂ ಸುಧಾರಿಸಿಕೊಳ್ಳೋಕೆ ಬಿಡಪ್ಪ" ಎನ್ನುತ್ತಿದ್ದರು. ಅದು ತಮಾಷೆಯ ಮಾತೆಂದೇ ನಾವು ಬಗೆದಿದ್ದೆವು.

ತಾಯಿಯವರು ಲಿಂಗೈಕ್ಯರಾದ ಮರುವರ್ಷ ಆ ಕೆಲಸ ನಮ್ಮ ಪಾಲಿಗೆ ಬಂತು. ಹೊರಗೆ ಜಡಿಮಳೆ, ಮರುದಿನ ಊರಿಗೆ ಹೋಗುವ ಆತುರ. ಒಂದೊಂದು ಬೊಂಬೆಯನ್ನೂ ಹೊಸ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಬಿಗಿದು, ಟ್ರಂಕಿಗೆ ತುಂಬಿ, ಸ್ನಾನದ ಮನೆಯ ಮೇಲಿನ ಸಜ್ಜಾದಲ್ಲಿ ಇಟ್ಟೆವು. ಧೂಳು ತಾಗದಂತೆ ಎಷ್ಟು ಜಾಣತನ ಮಾಡಿದೆವೆಂಬ ಹೆಮ್ಮೆಯೂ ಇತ್ತು. ಮುಂದಿನ ನವರಾತ್ರಿಗೆ ತೆರೆದು ನೋಡಿದರೆ ಮಣ್ಣಿನ ಬೊಂಬೆಗಳ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿ ಕಿತ್ತುಬಂದಿತ್ತು. ರಾಣಿಗೆ ತಾಯಿಯವರು ಉಡಿಸಿದ್ದ ರೇಷ್ಮೆಯ ತುಂಡಿನ ಮೇಲೆ ಬೂಜು ಹಿಡಿದು ಕಪ್ಪು ಚುಕ್ಕೆಗಳಾಗಿದ್ದವು. ರಾಜನ ಪಾದದಲ್ಲಿ ಸೂಜಿಮೊನೆಯಂಥ ಎರಡು ತೂತು, ಕೆಳಗೆ ಹಿಟ್ಟಿನಂಥ ಪುಡಿ. ಕುಟ್ಟೆ ಹುಳ ಹೊಕ್ಕಿತ್ತು. ಎರಡು ತಲೆಮಾರು ಬಾಳಿದ ವಸ್ತುವನ್ನು ನಾವು ಒಂದು ವರ್ಷದಲ್ಲಿ ಕೆಡಿಸಿದ್ದೆವು.

ಮಳೆಯ ತಿಂಗಳ ಹಬ್ಬ

ಏಕೆ ಹೀಗಾಯಿತೆಂದು ಯೋಚಿಸಿದಾಗ ಕಾರಣ ತಿಳಿಯಲು ಕಷ್ಟವಾಗಲಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 97 ಸೆಂಟಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾದದ್ದು ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳುಗಳಲ್ಲಿ ಸುರಿಯುತ್ತದೆ. ನಮ್ಮ ನವರಾತ್ರಿ ಬರುವುದೂ ಆಗಲೇ. ಎಂದರೆ ನಾವು ಬೊಂಬೆಗಳನ್ನು ಕಟ್ಟಿಡುವುದು ವರ್ಷದಲ್ಲಿಯೇ ಹೆಚ್ಚು ತೇವವಿರುವ ದಿನಗಳಲ್ಲಿ. ಮರ, ಮಣ್ಣು, ಬಟ್ಟೆ, ಕಾಗದ ಇವೆಲ್ಲ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತುಗಳು. ಅವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ತಾಯಿಯವರು ಹೇಳುತ್ತಿದ್ದ ಸುಧಾರಿಸಿಕೊಳ್ಳುವಿಕೆಯ ಅರ್ಥ ಅಂದು ನಮಗಾಯಿತು.

ಅಟ್ಟವೂ ಬದಲಾಗಿದೆ. ಹಿಂದಿನ ಮನೆಗಳಲ್ಲಿ ಸಾಮಾನಿನ ಅಟ್ಟವು ಅಡುಗೆಮನೆಯ ಸೌದೆ ಒಲೆಗೆ ಹತ್ತಿರವಿರುತ್ತಿತ್ತು. ಒಲೆಯ ಶಾಖಕ್ಕೆ ಅಟ್ಟ ಒಣಗಿರುತ್ತಿತ್ತು, ಹೊಗೆಗೆ ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಒಲೆ ಬಂದಿತು, ಹೊಗೆ ಹೋಯಿತು. ಹೆಂಗಸರ ಕಣ್ಣು, ಎದೆಗಳಿಗೆ ಅದು ದೊಡ್ಡ ಉಪಕಾರ, ಅದನ್ನು ನಾವು ಮರೆಯಬಾರದು. ಆದರೆ ಹೊಸ ಮನೆಗಳಲ್ಲಿ ಸಾಮಾನಿಡುವ ಜಾಗ ಸ್ನಾನದ ಮನೆಯ ಮೇಲೆಯೇ ಹೆಚ್ಚು. ಹಳೆಯ ರೂಢಿಯಂತೆ ಮೇಲಿಟ್ಟೆವೆಂದುಕೊಂಡು ನಾವು ಇಡುತ್ತಿರುವುದು ಬಿಸಿನೀರಿನ ಹಬೆಯ ನೆತ್ತಿಯ ಮೇಲೆ.

ಮಠದಲ್ಲಿ ಕಲಿತ ಪಾಠ

ನಾಚಿಕೆಯ ಸಂಗತಿಯೆಂದರೆ, ಈ ವಿದ್ಯೆ ನಮಗೆ ಬಾಲ್ಯದಲ್ಲಿಯೇ ತಿಳಿದಿತ್ತು. ಮಠದ ವಿದ್ಯಾರ್ಥಿಯಾಗಿದ್ದಾಗ ಓಲೆಗರಿಯ ಕಟ್ಟುಗಳನ್ನು ಬಿಸಿಲುಗಾಲದಲ್ಲಿ ಹೊರತೆಗೆದು, ನೆರಳಿನಲ್ಲಿ ಹರಡಿ, ಗರಿಗರಿಯಾಗಿ ಮೃದು ಬಟ್ಟೆಯಿಂದ ಒರೆಸಿ, ಮತ್ತೆ ಹಲಗೆಯ ನಡುವೆ ಕಟ್ಟಿ, ಅರಿವೆಯಲ್ಲಿ ಸುತ್ತಿಡುವ ಸೇವೆ ನಮಗಿತ್ತು. ಪೆಟ್ಟಿಗೆಯಲ್ಲಿ ಒಣಗಿದ ಬೇವಿನೆಲೆ, ಬಜೆಯ ಬೇರು ಇಡುತ್ತಿದ್ದೆವು. ಓಲೆಗೆ ಗಾಳಿ ಬೇಕು, ಕತ್ತಲೆ ಬೇಕು, ವರ್ಷಕ್ಕೊಮ್ಮೆ ಮನುಷ್ಯನ ಕೈ ತಾಗಬೇಕು ಎಂದು ಗುರುಗಳು ಹೇಳುತ್ತಿದ್ದರು. ಹೀಗೆ ಮಠಗಳಲ್ಲಿ, ಹಳ್ಳಿಯ ಸಾಮಾನ್ಯ ಮನೆಗಳಲ್ಲಿ ಯಾರೋ ಜೋಪಾನ ಮಾಡಿದ್ದ ಓಲೆಗಳನ್ನು ಅರಸಿಯೇ ಫ.ಗು. ಹಳಕಟ್ಟಿಯವರು ವಚನಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಓದಲು ಬಾರದ ಅಜ್ಜಿಯೊಬ್ಬಳು ಕಟ್ಟು ಬಿಚ್ಚದೆ ಕಾಪಾಡಿದ್ದೂ ಅದರಲ್ಲಿ ಇದ್ದಿರಬಹುದು. ಬೊಂಬೆ ಶಾಸ್ತ್ರಗ್ರಂಥವಲ್ಲ, ನಿಜ. ಆದರೆ ಕಾಪಾಡುವ ಕ್ರಮ ಎರಡಕ್ಕೂ ಒಂದೇ.

ಕಟ್ಟಿಡುವ ಕ್ರಮ

ಮೊದಲು ವಸ್ತುವಿನ ಗುಣವನ್ನರಿಯಬೇಕು. ಚನ್ನಪಟ್ಟಣದ ಬೊಂಬೆಗಳನ್ನು ಹಾಲೆಮರದಲ್ಲಿ ಕಡೆದು, ಚರಕಿಯ ಮೇಲೆ ತಿರುಗುವಾಗಲೇ ಅರಗಿನ ಬಣ್ಣವನ್ನು ಒತ್ತುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಹಿಡಿಯುತ್ತದೆ. ಶಾಖದಿಂದ ಹಿಡಿದದ್ದು ಶಾಖದಿಂದಲೇ ಕೆಡುವುದರಿಂದ ಇವನ್ನು ಸುಡುಬಿಸಿಲಿಗೆ ಇಡಬಾರದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳು ಹಗುರ ಮರದವು. ಮೇಲ್ಮೈಗೆ ಹುಣಸೆಬೀಜದ ಅಂಟನ್ನು ಬಳಸುವುದರಿಂದ ಒದ್ದೆ ಬಟ್ಟೆ ತಾಗಿಸಬಾರದು. ತಮಿಳುನಾಡಿನ ಪನ್ರುಟಿ ಕಡೆಯಿಂದ ಬರುವ ಮಣ್ಣಿನ, ಕಾಗದದ ತಿರುಳಿನ ಬೊಂಬೆಗಳಿಗೂ ನೀರು ಆಗದು. ಇವೆಲ್ಲಕ್ಕೂ ಮೃದು ಕುಂಚದಿಂದ ಧೂಳು ಕೊಡವುವುದೇ ಕ್ಷೇಮ.

ಬಳಿಕ ಎರಡು ಮೂರು ದಿನ ಗಾಳಿಯಾಡುವ ನೆರಳಿನಲ್ಲಿಡಿರಿ. ಮಳೆ ಬಿಡದಿದ್ದರೆ ಫ್ಯಾನಿನ ಕೆಳಗಾದರೂ ಆದೀತು. ಸುತ್ತಲು ಹಳೆಯ ಬಿಳಿಯ ಪಂಚೆ, ಮಲ್ ಬಟ್ಟೆಗಳಿಗಿಂತ ಒಳ್ಳೆಯದಿಲ್ಲ. ಒಗೆದು ಚೆನ್ನಾಗಿ ಒಣಗಿಸಿರಬೇಕು, ಗಂಜಿ ಹಾಕಿರಬಾರದು. ಗಂಜಿಯೂ ಅಂಟೂ ಬೆಳ್ಳಿಹುಳ, ಜಿರಲೆಗಳಿಗೆ ಆಹಾರ. ಸುದ್ದಿಪತ್ರಿಕೆಯ ಮಸಿ ಬೊಂಬೆಯ ಮುಖಕ್ಕೆ ಹತ್ತುತ್ತದೆ, ಕಾಗದವೂ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಪೆಟ್ಟಿಗೆಯ ತಳದಲ್ಲಿ ಭಾರವಾದವು, ಮೇಲೆ ಹಗುರವಾದವು. ಮೂಗು, ಬೆರಳು, ಕಿರೀಟಗಳು ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆಯ ಉಂಡೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಎರಡು ಹಲಗೆಯ ಮೇಲೆ, ಮಳೆ ಹೊಡೆಯುವ ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡಬೇಕು. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಆಗ ಕೂಡಲೇ ತಿಳಿಯುತ್ತದೆ.

ನುಸಿಗುಳಿಗೆಯ ಬಗ್ಗೆ ಒಂದು ಎಚ್ಚರಿಕೆ. ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಕೆಡಿಸುತ್ತದೆ. ಮಿಗಿಲಾಗಿ, ಬಿಳಿಯ ಗುಳಿಗೆಯನ್ನು ಕಲ್ಲುಸಕ್ಕರೆಯೆಂದು ಮಕ್ಕಳು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಬೇವು, ಬಜೆಗಳನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಇಟ್ಟು, ಘಮ ಹೋದಾಗ ಬದಲಿಸಿದರೆ ಸಾಕು. ಆದರೆ ಕುಟ್ಟೆ ಹಿಡಿದ ಬೊಂಬೆಯನ್ನು ಬೇವಿನೆಲೆ ಉಳಿಸದು. ಅದನ್ನು ಮಿಕ್ಕವುಗಳಿಂದ ಬೇರ್ಪಡಿಸಿ ಬಲ್ಲ ಬಡಗಿಗೆ ತೋರಿಸಬೇಕು.

ಮುಖ್ಯವಾದುದು ಇನ್ನೊಂದು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಊರಿನಲ್ಲಿ ಒಣ ಹವೆ. ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಒಂದು ದಿನ ಪೆಟ್ಟಿಗೆ ತೆರೆದು, ಬಟ್ಟೆ ಬದಲಿಸಿ, ಗಾಳಿಗಿಟ್ಟು, ಮತ್ತೆ ಮುಚ್ಚಿರಿ. ಆಶ್ವಯುಜದಲ್ಲಿ ಒಳಹೊಕ್ಕ ತೇವವನ್ನು ಹೊರಹಾಕುವ ಕಾಲ ಅದೇ.

ಉಳಿದ ಸಾಮಾನುಗಳ ವಿಷಯ ಸಂಕ್ಷೇಪವಾಗಿ ಹೇಳಬಹುದು. ಬೆಳ್ಳಿಯ ಮುಖ, ದೀಪಗಳನ್ನು ತೇವವಾರಿಸಿ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಬೇಕು. ರಬ್ಬರ್ ಬ್ಯಾಂಡ್ ಹಾಕಿದರೆ ಹಾಕಿದಲ್ಲಿಯೇ ಬೆಳ್ಳಿ ಕಪ್ಪಾಗುತ್ತದೆ. ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆಯಲ್ಲಿ ಹುಳಿ ಉಳಿಯದಂತೆ ತೊಳೆಯಬೇಕು. ಜರಿಯ ಸೀರೆಯನ್ನು ಪ್ರತಿಸಲವೂ ಬೇರೆ ಮಡಿಕೆಯಲ್ಲಿ ಮಡಿಸಬೇಕು. ಹಣತೆಗಳನ್ನು ಸೀಗೆಪುಡಿ, ಬಿಸಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಎಣ್ಣೆಯ ಜಿಡ್ಡಿಗೆ ಜಿರಲೆ ಬರುತ್ತದೆ. ವಿದ್ಯುತ್ ದೀಪದ ಸರವನ್ನು ರಟ್ಟಿಗೆ ಸುತ್ತಿಟ್ಟರೆ ಮುಂದಿನ ದೀಪಾವಳಿಯಲ್ಲಿ ಮನೆಯವರ ತಾಳ್ಮೆಯೂ ಉಳಿಯುತ್ತದೆ. ಮಾವಿನ ತೋರಣ, ಬಾಳೆಕಂದು, ಹೂಗಳನ್ನು ಎತ್ತಿಡುವ ಪ್ರಶ್ನೆಯೇ ಇಲ್ಲ. ಅವು ಗಿಡದ ಬುಡಕ್ಕೆ ಮರಳಲಿ. ಗಾಂಧಿ ಬಜಾರಿನಲ್ಲಿಯೋ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೋ ಮರುವರ್ಷ ತಾಜಾ ಆಗಿಯೇ ದೊರೆಯುತ್ತವೆ.

ಪಟ್ಟಿಯೂ ಹಂಚಿಕೆಯೂ

ನಮ್ಮ ತಾಯಿಯವರ ಟ್ರಂಕಿನ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿತ್ತು. ಯಾವ ಬೊಂಬೆ, ಎಲ್ಲಿಂದ ಬಂತು, ಯಾರು ಕೊಟ್ಟರು, ಎಲ್ಲಿ ಭಿನ್ನವಾಗಿದೆ ಎಂಬ ಪಟ್ಟಿ ಅದು. "ಸೆಟ್ಟಿ ದಂಪತಿ: ಮೊದಲ ಮಗು ಹುಟ್ಟಿದ ವರ್ಷ ಕೊಂಡದ್ದು" ಎಂಬ ಸಾಲನ್ನು ಓದಿದಾಗ ಆ ಮಗು ನಾವೇ ಎಂಬುದು ಹೊಳೆಯಲು ತುಸು ಹೊತ್ತು ಬೇಕಾಯಿತು. ಪಟ್ಟಿಯಿಲ್ಲದ ಪೆಟ್ಟಿಗೆಯಲ್ಲಿರುವುದು ಬರಿಯ ಬೊಂಬೆ; ಪಟ್ಟಿಯಿದ್ದರೆ ಅದು ಮನೆತನದ ಚರಿತ್ರೆ. ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.

ನಮ್ಮ ಬಡಾವಣೆಗಳಲ್ಲಿ ತೊಟ್ಟಿಯ ಮನೆಗಳು, ಮಂಕಿಟಾಪ್ ಕಿಟಕಿಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ನಮ್ಮ ಮನೆಯೂ ಅದೇ ಹಾದಿ ಹಿಡಿದಾಗ ಸೋದರ ಸೋದರಿಯರ ನಡುವೆ ಚಿನ್ನದ ಹಂಚಿಕೆ ಸುಲಭವಾಯಿತು. ಬೊಂಬೆಯ ಪೆಟ್ಟಿಗೆಯ ಮುಂದೆ ಮಾತ್ರ ಎಲ್ಲರೂ ಮೌನವಾದರು. ಬೇಡವೆಂದು ಹೇಳಲು ಯಾರಿಗೂ ಮನಸ್ಸಿಲ್ಲ, ಒಯ್ಯಲು ಯಾರ ಮನೆಯಲ್ಲಿಯೂ ಜಾಗವಿಲ್ಲ. ಕಡೆಗೆ ನಮ್ಮ ಸೋದರಸೊಸೆ ಮುಂದೆ ಬಂದಳು. "ಮಾವ, ಒಂಬತ್ತು ಮೆಟ್ಟಿಲು ನನ್ನ ಕೈಲಾಗಲ್ಲ. ರಾಜ ರಾಣೀನೂ ಅಜ್ಜಿ ಪಟ್ಟಿಯಲ್ಲಿರೋ ಹತ್ತು ಬೊಂಬೆಗಳನ್ನೂ ಕೊಡಿ. ಒಂದೇ ಮೆಟ್ಟಿಲಲ್ಲಿ ಕೂರಿಸ್ತೀನಿ" ಎಂದಳು.

ಆ ಮಾತು ನಮಗೆ ದಾರಿ ತೋರಿತು. ಎಲ್ಲವನ್ನೂ ಇಟ್ಟುಕೊಳ್ಳುವೆವೆಂದು ಹೊರಟವರು ಯಾವುದನ್ನೂ ಸರಿಯಾಗಿ ಇಟ್ಟುಕೊಳ್ಳಲಾರರು. ಉಳಿದ ಬೊಂಬೆಗಳನ್ನು ಹೊಸದಾಗಿ ಕೂರಿಸಲು ಆರಂಭಿಸಿದ್ದ ನೆರೆಯ ಎರಡು ಮನೆಗಳಿಗೆ, ಪಟ್ಟಿಯ ಸಾಲುಗಳನ್ನು ಬರೆದು ಜೊತೆಗಿಟ್ಟು ಕೊಟ್ಟೆವು. ವಿದೇಶದಲ್ಲಿರುವ ಮಕ್ಕಳಿಗೆ ಪಟ್ಟದ ಗೊಂಬೆ ಕಳುಹಿಸುವವರು ಒಂದನ್ನು ನೆನಪಿಡಬೇಕು: ರಕ್ತಚಂದನವನ್ನು ದೇಶದಿಂದಾಚೆಗೆ ಒಯ್ಯಲು ಕಟ್ಟುನಿಟ್ಟಾದ ಕಾನೂನುಗಳಿವೆ. ಅಧಿಕಾರಿಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕಳೆದ ನವರಾತ್ರಿಯಲ್ಲಿ ಸೋದರಸೊಸೆಯ ಮನೆಗೆ ಹೋಗಿದ್ದೆವು. ಪಾದದ ತೂತುಗಳಿಗೆ ಮೇಣ ತುಂಬಿಸಿಕೊಂಡ ರಾಜನೂ ಹೊಸ ಸೀರೆಯುಟ್ಟ ರಾಣಿಯೂ ಒಂಟಿ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಸಂಜೆ ಮೂರು ಮಕ್ಕಳು ಬಾಗಿಲಿಗೆ ಬಂದು, "ಆಂಟಿ, ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳಿದವು. ಗೊಂಬೆ ಬಾಗಿನವೆಂದು ಚಕ್ಕುಲಿ, ಸಕ್ಕರೆ ಮಿಠಾಯಿ ಪಡೆದು ಕುಣಿಯುತ್ತ ಹೋದವು. ಹಬ್ಬದ ಮೂರನೆಯ ದಿನ ಮಲ್ಲೇಶ್ವರದಲ್ಲಿ ಮಳೆ ಹೊಯ್ಯುತ್ತಿದ್ದಾಗ ಅವಳಿಂದ ಫೋನು ಬಂತು: "ಮಾವ, ಬೊಂಬೆಗಳು ಇನ್ನೂ ಚಾಪೆ ಮೇಲೇ ಇವೆ. ಸುಧಾರಿಸಿಕೊಳ್ತಾ ಇವೆ."

ಬಂಧುಗಳೆ, ಈ ಬಾರಿ ಹಬ್ಬ ಮುಗಿದ ಮರುದಿನ ಮನೆಯ ಗಂಡಸರೂ ಮಕ್ಕಳೂ ಆ ಚಾಪೆಯ ಬಳಿ ಕುಳಿತುಕೊಳ್ಳಲಿ. ತಾಯಂದಿರ ಕೈಯ ಕೆಲಸ ಅರ್ಧವಾದೀತು. ಅವರ ಬಾಯಲ್ಲಿರುವ ಕಥೆಗಳು ಮಕ್ಕಳ ಕಿವಿಗೆ ಬಿದ್ದಾವು.