ಬಾಯಿಯ ಜೀವಶಾಸ್ತ್ರದಲ್ಲಿ ಡಾಕ್ಟರ್ ಪದವಿ: ಸಕಲೇಶಪುರ–ಆಲೂರು ಸೀಮೆಯ ಒಂದು ನಿದರ್ಶನ

ಇಂಗ್ಲಿಷಿನವರು 'ಓರಲ್ ಬಯಾಲಜಿ' ಎಂದು ಕರೆಯುವ ಶಾಸ್ತ್ರಕ್ಕೆ ಕನ್ನಡದಲ್ಲಿ ಸರ್ವಸಮ್ಮತವಾದ ಹೆಸರು ಇನ್ನೂ ನೆಲೆನಿಂತಿಲ್ಲ. 'ಮೌಖಿಕ ಜೀವಶಾಸ್ತ್ರ'ವೆಂದರೆ ಬರೆಹವಿಲ್ಲದೆ ಬಾಯಿಮಾತಿನಿಂದ ಹೇಳಿದ ಶಾಸ್ತ್ರವೆಂದು ತೋರುವುದು. 'ಮುಖಜೀವಶಾಸ್ತ್ರ'ವೆಂದರೆ, ಸಂಸ್ಕೃತದಲ್ಲಿ ಮುಖಶಬ್ದಕ್ಕೆ ಬಾಯಿಯೆಂಬ ಅರ್ಥವಿದ್ದರೂ, ಕನ್ನಡಿಗರಿಗೆ ಮೋರೆಯೇ ನೆನಪಾಗುವುದು. ಆದಕಾರಣ ಇಲ್ಲಿ ಬಾಯಿಯ ಜೀವಶಾಸ್ತ್ರವೆಂಬ ಸರಳವಾದ ಮಾತನ್ನೇ ಬಳಸಿದೆ. ಹಲ್ಲು, ಒಸಡು, ನಾಲಗೆ, ದವಡೆಯ ಎಲುಬು, ಜೊಲ್ಲು, ಒಳಗಣ ಲೋಳೆಪೊರೆ, ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ಇವುಗಳ ರಚನೆ, ವ್ಯಾಪಾರ, ವಿಕಾರಗಳೇ ಇದರ ವಿಷಯ. ದಂತವೈದ್ಯನು ಕೆಟ್ಟ ಹಲ್ಲನ್ನು ಸರಿಪಡಿಸುವನು. ಈ ಶಾಸ್ತ್ರದವನು ಅದು ಏಕೆ ಕೆಟ್ಟಿತೆಂದು ವಿಚಾರಿಸುವನು.

ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಈ ಹೆಸರಿನದೇ ವಿಭಾಗಗಳುಂಟು. ನಮ್ಮಲ್ಲಿ ಸಾಮಾನ್ಯವಾಗಿ ದಂತವೈದ್ಯದಲ್ಲಿ ಬಿ.ಡಿ.ಎಸ್. ಮುಗಿಸಿ, ಮೂರು ವರ್ಷದ ಎಂ.ಡಿ.ಎಸ್. ವ್ಯಾಸಂಗದಲ್ಲಿ ಬಾಯಿಯ ರೋಗಶಾಸ್ತ್ರವನ್ನೋ ಅದಕ್ಕೆ ಸಮೀಪವಾದ ಮತ್ತೊಂದು ಶಾಖೆಯನ್ನೋ ಆರಿಸಿಕೊಂಡವರು ಈ ದಾರಿಯನ್ನು ಹಿಡಿಯುವರು. ಹಾಸನದಲ್ಲಿ ಶ್ರೀ ಹಾಸನಾಂಬ ದಂತವೈದ್ಯ ಕಾಲೇಜು ಇದೆ. ಅದು ಬೆಂಗಳೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಬೆಟ್ಟದ ಸೀಮೆಯ ವಿದ್ಯಾರ್ಥಿಯೊಬ್ಬನು ಅಥವಾ ವಿದ್ಯಾರ್ಥಿನಿಯೊಬ್ಬಳು ಡಾಕ್ಟರ್ ಪದವಿಯನ್ನು ಬಯಸಿದರೆ ಏನೇನು ನೆರವೇರಿಸಬೇಕೆಂಬುದನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಅಕ್ಷರರೂಪದ ವಿಧಿಗಳನ್ನು ಮೊದಲು ಹೇಳಿಬಿಡುತ್ತೇನೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯ ಮೇರೆಗೆ ಅವಧಿಯು ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಸ್ತ್ರೀಯರಿಗೂ ನೂರಕ್ಕೆ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆರಡು ವರ್ಷ. ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕಗಳಿರಬೇಕು. ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳೇ ಮೊದಲಾದವರಿಗೆ ಐದು ಅಂಕಗಳ ರಿಯಾಯಿತಿ ಉಂಟು. ಆ ಮೇಲೆ ಕನಿಷ್ಠ 12 ಕ್ರೆಡಿಟ್ಟುಗಳ ಪಾಠಕ್ರಮ. ಅದರಲ್ಲಿ ಸಂಶೋಧನೆಯ ಮತ್ತು ಪ್ರಕಟಣೆಯ ನೀತಿಯೆಂಬ ಭಾಗವು ಕಡ್ಡಾಯ. ಪ್ರತಿ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ನಿಂತು ಕೆಲಸದ ಪ್ರಗತಿಯನ್ನು ನಿವೇದಿಸಬೇಕು. ಪದವಿಗೆ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂದು 2016ರ ನಿಯಮಾವಳಿಯಲ್ಲಿದ್ದ ಕಟ್ಟಳೆಯನ್ನು 2022ರಲ್ಲಿ ಕೈಬಿಡಲಾಯಿತು. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಆ ಕಟ್ಟಳೆಯ ನೆರಳಿನಲ್ಲಿ ಬೆಳೆದುದನ್ನು ಬಲ್ಲವರು ಇದಕ್ಕೆ ವ್ಯಸನಪಡಲಾರರು. ಆದರೂ ಆಯಾ ವಿಶ್ವವಿದ್ಯಾನಿಲಯವು ತನ್ನದೇ ಆದ ಹೆಚ್ಚಿನ ಷರತ್ತನ್ನು ಇಡಬಹುದಾದುದರಿಂದ ಅದನ್ನು ಮೊದಲೇ ಕೇಳಿ ತಿಳಿಯತಕ್ಕದ್ದು.

ಇವೆಲ್ಲವೂ ಎಣಿಕೆಗೆ ಸಿಕ್ಕುವಂಥವು. ಎಣಿಕೆಗೆ ಸಿಕ್ಕದ, ಆದರೆ ಉಳಿದೆಲ್ಲವನ್ನೂ ನಿರ್ಣಯಿಸುವ ಅಗತ್ಯವೊಂದಿದೆ: ಮೂರು ವರ್ಷಗಳ ಅಳತೆಗೆ ಒಗ್ಗುವ ಪ್ರಶ್ನೆಯನ್ನು ಹುಡುಕುವುದು.

ಇದಕ್ಕೆ ನಿದರ್ಶನವಾಗಿ ಸಕಲೇಶಪುರ ಮತ್ತು ಆಲೂರಿನ ಬೆಟ್ಟಗಳನ್ನೇ ತೆಗೆದುಕೊಳ್ಳೋಣ. ಹಿಂದೆ ಮಂಜರಾಬಾದೆಂದು ಹೆಸರಾಗಿದ್ದ ಈ ಸೀಮೆಯಲ್ಲಿ ಕಾಫಿ, ಏಲಕ್ಕಿ, ಮೆಣಸುಗಳೊಡನೆ ತಗ್ಗಿನ ತೋಟಗಳಲ್ಲಿ ಅಡಿಕೆಯೂ ಬೆಳೆಯುವುದು. ಎಲೆಯಡಿಕೆಯನ್ನು ಜಗಿಯುವ ರೂಢಿಯು ತೋಟದ ಲೈನುಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಸಮಾನ. ಬಹುಕಾಲ ಅಡಿಕೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪೊರೆಯು ಬಿಳುಪೇರಿ, ನಾರುಗಟ್ಟಿ, ಬಿಗಿದುಕೊಳ್ಳುವುದು. ಖಾರ ತಾಗಿದರೆ ಉರಿ. ಬರಬರುತ್ತ ಬಾಯಿ ತೆರೆಯುವುದೇ ಕಷ್ಟ. ಆರೋಗ್ಯವಂತನ ಬಾಯೊಳಗೆ ಅವನ ಮೂರು ಬೆರಳುಗಳು ನೆಟ್ಟಗೆ ಹಿಡಿಯಬೇಕು; ಈ ರೋಗಿಗೆ ಒಂದು ಬೆರಳೂ ಹಿಡಿಯದಿರಬಹುದು. ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಸ್ತ್ರೀಯರಲ್ಲಿ ಇದನ್ನು ಕಂಡು ಶ್ವಾರ್ಟ್ಸ್ ಎಂಬವನು 1952ರಲ್ಲಿ ವರ್ಣಿಸಿದನು. ಮರುವರ್ಷ ಮುಂಬಯಿಯ ಜೋಶಿಯವರು ಈಗ ಬಳಕೆಯಲ್ಲಿರುವ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಹೆಸರನ್ನು ಕೊಟ್ಟರು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯು ತಾನೇ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರ್ಣಯಿಸಿದೆ.

ಉತ್ಸಾಹಿಯಾದ ಅಭ್ಯರ್ಥಿಗೆ ಮೊದಲು ಹೊಳೆಯುವ ಪ್ರಶ್ನೆಯೆಂದರೆ, ಈ ರೋಗಿಗಳಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ತಗಲುವುದು ಎಂಬುದು. ಇದು ದೊಡ್ಡ ಪ್ರಶ್ನೆಯೇ ಸರಿ. ಡಾಕ್ಟರ್ ಪದವಿಗೆ ಮಾತ್ರ ಒಗ್ಗದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ನೋಡಿಕೊಂಡು ಬಂದ ಬಳಿಕವಷ್ಟೇ, ಅವರಲ್ಲಿ ನೂರಕ್ಕೆ 7.6ರಂತೆ ಕ್ಯಾನ್ಸರ್ ಉಂಟಾಯಿತೆಂದು 1985ರಲ್ಲಿ ಹೇಳಲು ಸಾಧ್ಯವಾಯಿತು. ಮೂರು ವರ್ಷಗಳಲ್ಲಿ ಇದನ್ನು ಹೇಳಹೊರಟವನು ಕಾಣದುದನ್ನು ಕಂಡೆನೆಂದು ಬರೆಯಬೇಕಾದೀತು.

ಚಿಕ್ಕದಾದ, ಆದರೆ ಈ ನೆಲಕ್ಕೇ ಸೇರಿದ ಬೇರೊಂದು ಪ್ರಶ್ನೆಯನ್ನು ನೋಡಿರಿ. ಮಲೆನಾಡಿನ ಮಳೆಗೆ ಅಡಿಕೆಗೆ ಕೊಳೆರೋಗ ಬರುವುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಅದರ ಕಾರಣವನ್ನು ಶೋಧಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಈ ಪ್ರಮಾಣವನ್ನು ಇಂದಿಗೂ ತೋಟಗಾರರು ಬಲ್ಲರು. ಮುಂಗಾರಿಗೆ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಮತ್ತೊಂದು ಸಲ ಗೊನೆಗಳಿಗೆ ಹೊಡೆಯುವರು. ಮೈಲುತುತ್ತವೆಂದರೆ ತಾಮ್ರದ ಲವಣ. ಇತ್ತ ಬಾಯಿಯ ಜೀವಶಾಸ್ತ್ರಜ್ಞರು, ನಾರಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರವು ಬೇಕೆಂಬುದನ್ನು ಬಲ್ಲರು. ಅಡಿಕೆಯಲ್ಲಿ ಇತರ ಬೀಜಗಳಿಗಿಂತ ತಾಮ್ರವು ಹೆಚ್ಚೆಂದು ಅಳೆದವರೂ ಇದ್ದಾರೆ. ಹೀಗಿರಲಾಗಿ, ಸಿಂಪಡಿಸಿದ ತೋಟದ ಅಡಿಕೆಗೂ ಸಿಂಪಡಿಸದ ತೋಟದ ಅಡಿಕೆಗೂ ಸುಲಿದ ಬಳಿಕ ತಾಮ್ರದಲ್ಲಿ ಭೇದವುಂಟೆ? ಇದ್ದರೆ ಜಗಿಯುವವನ ಜೊಲ್ಲಿನಲ್ಲಿ ಅದು ಕಾಣುವುದೆ? ಈ ಜಾಡಿನಲ್ಲಿ ಮೊದಲು ನಡೆದವರ ಬರೆಹಗಳನ್ನೆಲ್ಲ ಓದಿ, ಉಳಿದಿರುವ ಭಾಗವೆಷ್ಟೆಂದು ನಿಶ್ಚಯಿಸಿಕೊಂಡರೆ ಇದು ಮೂರು ವರ್ಷಗಳ ಕೆಲಸವಾದೀತು. ಭೇದವಿಲ್ಲವೆಂದು ತಿಳಿದುಬಂದರೂ ಅದು ಫಲವೇ. ಉಂಟೆಂದು ಅವಸರದಿಂದ ಬರೆದರೆ ಬೆಳೆಗಾರನ ಜೀವನಕ್ಕೆ ಪೆಟ್ಟು. ಇಲ್ಲವೆಂದು ಅಜಾಗರೂಕತೆಯಿಂದ ಬರೆದರೆ ಜಗಿಯುವವನ ಬಾಯಿಗೆ ಅಪಾಯ.

ಕೆಲಸದ ಪಂಚಾಂಗವನ್ನು ವಿಶ್ವವಿದ್ಯಾನಿಲಯವು ಬರೆಯುವುದಿಲ್ಲ, ಮಳೆ ಬರೆಯುತ್ತದೆ. ಜೂನಿನಿಂದ ಸೆಪ್ಟೆಂಬರಿನ ತನಕ ಒಳತೋಟಗಳ ದಾರಿಯನ್ನು ನಂಬುವಂತಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಎಂದರೆ ನವೆಂಬರಿನಿಂದ ಮಾರ್ಚಿಯವರೆಗೆ, ಆಳುಗಳು ಹೆಚ್ಚು, ಅವರಿಗೆ ಬಿಡುವು ಕಡಮೆ. ಬೆಳಗಿನ ಹಾಜರಿಗೆ ಮುನ್ನವೋ ಸಂಜೆ ತೂಕ ಮುಗಿದ ಮೇಲೋ ಅವರನ್ನು ಕಾಣಬೇಕು. ಸಂಗ್ರಹಿಸಿದ ಜೊಲ್ಲನ್ನು ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಹಾಸನಕ್ಕೆ ಇಳಿಸಬೇಕು. ಸಂಗ್ರಹದ ಸೀಸೆಯಲ್ಲಿಯೇ ತಾಮ್ರದ ಲೇಶವಿದ್ದರೆ ಎಲ್ಲ ಲೆಕ್ಕವೂ ಕೆಡುವುದರಿಂದ ಖಾಲಿ ಸೀಸೆಯನ್ನೂ ಪರೀಕ್ಷಿಸತಕ್ಕದ್ದು. ಈಚೆಗೆ ಅಸ್ಸಾಮಿನ ಕಡೆಯಿಂದ ಬಂದ ಕೂಲಿಗಳು ಹಸಿ ಅಡಿಕೆಯನ್ನೇ ಜಗಿಯುವ ರೂಢಿಯವರು. ಒಣಗಿದ, ಬೇಯಿಸಿದ ಅಡಿಕೆಯವರೊಡನೆ ಅವರನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಪಟ್ಟಿಗೆ ಅರ್ಥವಿಲ್ಲ.

ಇದಕ್ಕೆಲ್ಲ ಮೊದಲು ನೀತಿ ಸಮಿತಿಯ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ಮಾರ್ಗದರ್ಶಿಯಂತೆ, ಪರೀಕ್ಷೆಗೆ ಒಳಗಾಗುವವನಿಗೆ ಅವನು ಬಲ್ಲ ಭಾಷೆಯಲ್ಲಿ ವಿವರಿಸಿ ಸಮ್ಮತಿಯನ್ನು ಪಡೆಯಬೇಕು. ಓದುಬಾರದವನು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಇರಬೇಕು. ಕನ್ನಡ, ತುಳು, ತಮಿಳುಗಳು ಒಂದೇ ಲೈನಿನಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಒಂದು ಭಾಷೆಯ ಕಾಗದವು ಸಾಲದು. ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ತೋಟದ ಧಣಿಯ ಅನುಮತಿಯಿಂದ ಅಭ್ಯರ್ಥಿಗೆ ಗೇಟು ತೆರೆಯುವುದೇ ಹೊರತು ಕೂಲಿಯ ಸಮ್ಮತಿ ದೊರೆತಂತಾಗದು. ರೈಟರು ಹಾಜರಿ ಪುಸ್ತಕವನ್ನು ಹಿಡಿದು ಪಕ್ಕದಲ್ಲಿ ನಿಂತಿರುವಾಗ 'ಒಲ್ಲೆ' ಎನ್ನಲು ಯಾವ ಹೆಣ್ಣಾಳಿಗೆ ಧೈರ್ಯ ಬಂದೀತು? ಆದಕಾರಣ ಸಾಕ್ಷಿಯು ರೈಟರೂ ಆಗಬಾರದು, ಮೇಸ್ತ್ರಿಯೂ ಆಗಬಾರದು. ಪರೀಕ್ಷೆಯಲ್ಲಿ ಶಂಕಾಸ್ಪದವಾದ ಗಾಯ ಕಂಡರೆ ಆ ವ್ಯಕ್ತಿಯನ್ನು ಎಲ್ಲಿಗೆ, ಯಾರ ವೆಚ್ಚದಲ್ಲಿ ಕಳುಹಿಸುವುದೆಂಬುದನ್ನು ಅರ್ಜಿಯಲ್ಲಿಯೇ ಬರೆದಿಡುವುದು ಲೇಸು. ಕೊಯ್ಲು ಮುಗಿದೊಡನೆ ಆಳು ಮತ್ತೊಂದು ತೋಟಕ್ಕೆ ಹೋಗಿರುವನು. ಫಲಿತಾಂಶದ ಕಾಗದವು ಖಾಲಿ ಲೈನಿಗೆ ಬಂದು ಬಿದ್ದಿರುವುದು.

ಉಳಿದುದು ಮಹಾಪ್ರಬಂಧ ಮತ್ತು ಪರೀಕ್ಷೆ. ಇತರರ ಬರೆಹದೊಡನೆ ಹೋಲಿಕೆಯು ನೂರಕ್ಕೆ 10ನ್ನು ಮೀರಿದರೆ 2018ರ ನಿಯಮದಂತೆ ತಿದ್ದಿ ಬರೆಯಬೇಕಾಗುವುದು; 60ನ್ನು ಮೀರಿದರೆ ನೋಂದಣಿಯೇ ರದ್ದು. ಪ್ರಬಂಧವನ್ನು ಮಾರ್ಗದರ್ಶಕನೊಡನೆ ಹೊರಗಿನ ಇಬ್ಬರು ಪರೀಕ್ಷಕರು ಓದುವರು. ಸಾಧ್ಯವಾದೆಡೆ ಅವರಲ್ಲೊಬ್ಬನು ಪರದೇಶದವನಾಗಿರಬೇಕು. ಒಬ್ಬನು ತಳ್ಳಿಹಾಕಿದರೆ ಬೇರೊಬ್ಬನಿಗೆ ಕಳುಹಿಸುವರು. ಬಳಿಕ ಬಹಿರಂಗವಾದ ಮೌಖಿಕ ಪರೀಕ್ಷೆ. ಆ ವಿಶೇಷಣವು ಇಲ್ಲಿ ಸಲ್ಲುವುದು. ಪದವಿಪ್ರದಾನಕ್ಕೆ ಮುನ್ನ ಪ್ರಬಂಧದ ಒಂದು ಪ್ರತಿಯನ್ನು ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರಕ್ಕೆ ಒಪ್ಪಿಸತಕ್ಕದ್ದು. ಅದು ಎಲ್ಲರಿಗೂ ತೆರೆದ ಭಂಡಾರವಾದುದರಿಂದ, ಒಪ್ಪಿಸುವ ಮುನ್ನ ಲೈನಿನ ಹೆಸರನ್ನೂ ತೋಟದ ಹೆಸರನ್ನೂ ತೆಗೆದು ಸಂಖ್ಯೆಗಳನ್ನಷ್ಟೇ ಉಳಿಸಿದೆಯೇ ಎಂದು ಅಭ್ಯರ್ಥಿಯು ಪುಟಪುಟವಾಗಿ ನೋಡಿಕೊಳ್ಳಬೇಕು.